ತೆರಿಗೆಪಟ್ಟಿಯಲ್ಲಿ ಉಳಿದ ಕನ್ನಡ

‘ಕಿರುಕುಳ’ ಎಂಬ ಮಾತು ಇವತ್ತು ಕಿವಿಗೆ ಬೀಳುವುದು ವರದಕ್ಷಿಣೆಯ ಮೊಕದ್ದಮೆಗಳಲ್ಲಿ, ಪೊಲೀಸ್ ಠಾಣೆಗೆ ಕೊಟ್ಟ ದೂರುಗಳಲ್ಲಿ. ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಅದೊಂದು ಸುಂಕದ ಹೆಸರು. ಕಿಱು ಎಂದರೆ ಸಣ್ಣದು; ಕುಳ ಎಂಬುದು ಕಂದಾಯದ ಮಾತು. ದೊಡ್ಡ ಸರಕಿನ ಮೇಲಿನ ಸುಂಕ ‘ಪೆರ್ಜುಂಕ’, ಚಿಲ್ಲರೆ ಬಾಬುಗಳದ್ದು ‘ಕಿಱುಕುಳ’. ಪೆರ್ಜುಂಕ ಮುಂದೆ ಹೆಜ್ಜುಂಕವಾಗಿ, ಸುಂಕದ ಕಟ್ಟೆಯ ಜೊತೆಯಲ್ಲೇ ಮಾಯವಾಯಿತು. ಕಿರುಕುಳ ಮಾತ್ರ ಉಳಿದುಕೊಂಡಿತು. ದಾರಿಯುದ್ದಕ್ಕೂ ಒಂದೊಂದೇ ಕಾಸು ಕೀಳುವ ಸಣ್ಣ ಸುಂಕವೇ ಜನರ ಬಾಯಲ್ಲಿ ಸಣ್ಣ ಕಾಟವಾಯಿತು, ಆಮೇಲೆ ಕಾಟವೇ ಆಯಿತು ಎಂದು ನಾನು ನಂಬುತ್ತೇನೆ. ಎತ್ತಿನ ಮೇಲೆ ಹೇರು ಹಾಕಿಕೊಂಡು ಊರೂರು ತಿರುಗಿದವರ ಬೇಸರ ಆ ಒಂದು ಮಾತಿನಲ್ಲಿದೆ.

ಮರೆತುಹೋದ ಹಳೆಯ ಶಬ್ದಗಳ ಮಾತು ಬಂದಾಗಲೆಲ್ಲ ನಾವು ಪಂಪ, ರನ್ನರ ಕಡೆಗೆ ತಿರುಗುತ್ತೇವೆ. ಅದು ಸಹಜ. ಆದರೆ ಕವಿಗಳ ಶಬ್ದಗಳನ್ನು ಕಾಯಲು ಕವಿಗಳಿದ್ದರು, ವ್ಯಾಖ್ಯಾನಕಾರರಿದ್ದರು, ಕೋಶಕಾರರಿದ್ದರು. ಸಂತೆಯ, ಗಾಣದ, ಹೊಲದ ಶಬ್ದಗಳನ್ನು ಕಾದದ್ದು ಕಲ್ಲು. ದೇವಾಲಯಕ್ಕೋ ಬಸದಿಗೋ ಕೊಟ್ಟ ದಾನವನ್ನು ಮುಂದೆ ಯಾರೂ ಅಲ್ಲಗಳೆಯಬಾರದೆಂದು ಲೆಕ್ಕ ಹಿಡಿದು ಕೆತ್ತಿಸಿದ ಪಟ್ಟಿಗಳೇ ಮಧ್ಯಯುಗದ ಕನ್ನಡದ ನಿಜವಾದ ಉಗ್ರಾಣ. ಬೆಳಗಾವಿ, ಖಾನಾಪುರದ ಕಡೆಯವರಾದ ನಮಗಂತೂ ಆ ಉಗ್ರಾಣ ಮನೆಯ ಹಿಂದೆಯೇ ಇದೆ.

ಈ ಸೀಮೆ ಕನ್ನಡದ ಅಂಚು ಎಂದು ಹೇಳುವವರು ಒಂದು ಸಂಗತಿಯನ್ನು ನೆನಪಿಡಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸಿದ ನಾಡಿನ ನಾಲ್ಕು ಊರುಗಳಲ್ಲಿ ಒಂದು ಒಂಕುಂದ. ಅದು ಬೈಲಹೊಂಗಲದ ಕಡೆಯ ಇಂದಿನ ಒಕ್ಕುಂದ. ಉಳಿದವು ಕಿಸುವೊಳಲು, ಕೊಪಣ, ಪುಲಿಗೆರೆ. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು: ‘ಕಿಸು’ ಎಂದರೆ ಕೆಂಪು, ‘ಪೊೞಲ್’ ಎಂದರೆ ಪಟ್ಟಣ. ಎರಡೂ ನಮ್ಮ ಮಾತಿನಿಂದ ಜಾರಿಹೋಗಿವೆ. ಕಿಸಗಣ್ಣು ಎಂಬಂಥ ಒಂದೆರಡು ಕಡೆ ಕಿಸು ಅಂಟಿಕೊಂಡಿದೆ, ಹೊಳಲು ಊರ ಹೆಸರುಗಳಲ್ಲಿ ಅಡಗಿದೆ.

ಖಾನಾಪುರ ತಾಲ್ಲೂಕಿನ ಹಲಸಿಯ ಹೊರವಲಯದಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ 1870ರ ದಶಕದಲ್ಲಿ ಪ್ರಕಟಿಸಿದರು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮರ ಕಾಲದವು, ಭಾಷೆ ಸಂಸ್ಕೃತ. ಮೃಗೇಶವರ್ಮ ಜಿನಾಲಯಕ್ಕೆ ಬಿಟ್ಟ ಭೂಮಿ 33 ನಿವರ್ತನ. ಆ ನಿವರ್ತನ ಎಂಬ ಅಳತೆ ಆಮೇಲಿನ ಕನ್ನಡ ಶಾಸನಗಳ ಹೊತ್ತಿಗೆ ಹಿಂದೆ ಸರಿದು, ಅದರ ಜಾಗದಲ್ಲಿ ‘ಮತ್ತರು’ ಬಂದು ಕೂತಿತು. ಊರಿನ ಹೆಸರೂ ಸುಮ್ಮನಿರಲಿಲ್ಲ. ಪಲಾಶಿಕಾ ಪಲಸಿಗೆಯಾಯಿತು, ಪಕಾರ ಹಕಾರವಾಗುವ ಕಾಲದಲ್ಲಿ ಹಲಸಿಗೆಯಾಯಿತು, ಕೊನೆಗೆ ಹಲಸಿ. ಗೋವೆಯ ಕದಂಬರ ಕಾಲಕ್ಕೆ ಇದು ‘ಪಲಸಿಗೆ ಪನ್ನಿರ್ಚ್ಛಾಸಿರ’, ಅಂದರೆ ಹನ್ನೆರಡು ಸಾವಿರದ ನಾಡು. ಸವದತ್ತಿಯ ರಟ್ಟರದು ‘ಕೂಂಡಿ ಮೂರು ಸಾಸಿರ’. ನಮ್ಮ ಬೆಳಗಾವಿ ‘ವೇಣುಗ್ರಾಮ ಎಪ್ಪತ್ತು’. ಈ ಅಂಕಿಗಳು ಹಳ್ಳಿಗಳ ಎಣಿಕೆಯೋ ಹುಟ್ಟುವಳಿಯ ಲೆಕ್ಕವೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಎಪ್ಪತ್ತಕ್ಕೆ ಹಳ್ಳಿಗಳ ಎಣಿಕೆ ಸರಿಹೊಂದಬಹುದು. ಹನ್ನೆರಡು ಸಾವಿರಕ್ಕೆ ಹೊಂದುವುದು ಕಷ್ಟ.

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ನೋಡದವರು ಈ ಊರಿನಲ್ಲಿ ಕಡಿಮೆ. ಮೇಲೆ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲ, ಎಸಳುಗಳಲ್ಲಿ ತೀರ್ಥಂಕರರು. ರಟ್ಟರ ನಾಲ್ಕನೆಯ ಕಾರ್ತವೀರ್ಯ ತಮ್ಮ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಲ್ಲಿ ಆಳುತ್ತಿದ್ದಾಗ ಮಂತ್ರಿ ಬೀಚಣ ಕಟ್ಟಿಸಿದ ಜಿನಾಲಯದ ಕಾಲ ಅದು, 1204. ಕೋಟೆಯ ಆ ಕಾಲದ ಎರಡು ಶಾಸನಗಳ ಕಲ್ಲುಗಳು ಇಂದು ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಎಲ್.ಡಿ. ಬಾರ್ನೆಟ್ ಅವನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಓದಿ ಕೊಟ್ಟಿದ್ದಾರೆ. ಇದೇ ಊರಿನ ಅನಗೋಳದಲ್ಲಿ ಮನೆ ಮಾಡಿಕೊಂಡಿರುವ ನನ್ನಂಥವನು ತನ್ನ ಊರಿನ ಎಂಟುನೂರು ವರ್ಷದ ಹಿಂದಿನ ಬಾಜಾರದ ಮಾತನ್ನು ಓದಬೇಕಾದರೆ ಆ ಸಂಪುಟವನ್ನೇ ತೆರೆಯಬೇಕು. ಕಲ್ಲು ಇಲ್ಲೇ ಇರಬೇಕಾಗಿತ್ತು ಎಂಬ ನೋವು ನನಗಿದೆ.

ಆ ಕಲ್ಲುಗಳ ಬರಹದಲ್ಲಿ ವೇಣುಗ್ರಾಮದ ಪೇಟೆಯೇ ಮೆರವಣಿಗೆ ಹೊರಟಂತಿದೆ. ಅಲ್ಲಿ ‘ಮುಮ್ಮುರಿದಂಡ’ ಎಂಬ ವರ್ತಕ ಸಂಘದವರಿದ್ದಾರೆ, ಲಾಳ ದೇಶದಿಂದ, ಅಂದರೆ ಗುಜರಾತಿನ ಕಡೆಯಿಂದ ಬಂದವರಿದ್ದಾರೆ, ಮಲೆಯಾಳದ ವ್ಯಾಪಾರಿಗಳಿದ್ದಾರೆ. ಅವರೆಲ್ಲ ಕೂಡಿ ತಾವು ಮಾರುವ ಸರಕಿನ ಮೇಲೆ ಬಸದಿಗೆ ಇಷ್ಟಿಷ್ಟು ಎಂದು ಒಪ್ಪಿಕೊಳ್ಳುತ್ತಾರೆ. ಇಂಥ ಪಟ್ಟಿಗಳಲ್ಲಿ ಬರುವ ಹೆಸರುಗಳನ್ನು ನೋಡಿ: ಎಣ್ಣೆ ತೆಗೆಯುವವನು ‘ತೆಲ್ಲಿಗ’, ಅವರ ಸಂಘ ‘ಐವತ್ತೊಕ್ಕಲು’. ಕಸುಬಿನ ಕೂಟಕ್ಕೆ ‘ಕೊಟ್ಟಳಿ’. ಪೇಟೆಯ ವರ್ತಕರ ಒಕ್ಕೂಟ ‘ನಕರ’. ಎಣ್ಣೆಯ ಅಳತೆ ‘ಸೊಲ್ಲಗೆ’, ಕಾಳಿಗೆ ಬಳ್ಳ, ಕೊಳಗ, ಖಂಡುಗ, ಸಾಗಿಸುವ ಸರಕಿಗೆ ‘ಹೇರು’. ಗಾಣದ ಮೇಲೆ ‘ಗಾಣದೆಱೆ’, ಮಗ್ಗದ ಮೇಲೆ ‘ಮಗ್ಗದೆಱೆ’. ಇವುಗಳ ಅರ್ಥ ಸಂದರ್ಭದಿಂದ ಬಿಡಿಸಿಕೊಳ್ಳುತ್ತದೆ. ಆದರೆ ‘ವಡ್ಡರಾವುಳ’, ‘ಬಿಲ್ಕೊಡೆ’ ಎಂಬ ಎರಡು ಸುಂಕಗಳಿವೆ. ಪೆರ್ಜುಂಕದ ಪಕ್ಕದಲ್ಲಿ ಶಾಸನದ ಮೇಲೆ ಶಾಸನದಲ್ಲಿ ಬರುತ್ತವೆ. ಇಂಗ್ಲಿಷ್ ಅನುವಾದಗಳಲ್ಲಿಯೂ ಇವನ್ನು ಮುಟ್ಟದೆ ಹಾಗೇ ಇಟ್ಟದ್ದುಂಟು. ದಿನನಿತ್ಯ ಸಾವಿರಾರು ಜನ ಕೊಟ್ಟು, ತಗೊಂಡು, ಅದಕ್ಕಾಗಿ ಜಗಳಾಡಿದ ಸುಂಕದ ಹೆಸರೇ ಇಷ್ಟು ಕಗ್ಗಂಟಾಗುತ್ತದೆ ಎಂದರೆ, ಶಬ್ದ ಸಾಯುವುದಕ್ಕೆ ಅದು ಅಪರೂಪದ್ದೇ ಆಗಿರಬೇಕೆಂದಿಲ್ಲ.

ಹಣದ ಮಾತುಗಳಲ್ಲಿ ಇನ್ನೊಂದು ಬಗೆಯ ಕಥೆಯಿದೆ. ಗದ್ಯಾಣ ಚಿನ್ನದ ನಾಣ್ಯ. ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ ಅಚ್ಚಾದದ್ದು ‘ಲೊಕ್ಕಿಗದ್ಯಾಣ’. ಅದರ ಕೆಳಗೆ ಪಣ, ಹಾಗ, ವೀಸ. ಹಾಗ ಎಂದರೆ ಕಾಲುಭಾಗ, ವೀಸ ಎಂದರೆ ಹದಿನಾರರಲ್ಲೊಂದು. ನಾಣ್ಯ ಅಚ್ಚು ಹಾಕುವ ಜಾಗ ‘ಕಮ್ಮಟ’. ನಾಣ್ಯಗಳು ಹೋದವು, ಕಮ್ಮಟವೂ ಶತಮಾನಗಳ ಕಾಲ ಮಲಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸಾಹಿತಿಗಳು ಅದನ್ನು ಎಬ್ಬಿಸಿ ಕಾವ್ಯ ಕಮ್ಮಟ, ಅನುವಾದ ಕಮ್ಮಟ ಎಂದು ಬಳಕೆಗೆ ತಂದರು. ‘ಕಡತ’ದ್ದೂ ಅದೇ ಬಗೆ. ಇದ್ದಿಲಿನ ಮಸಿ ಬಳಿದು ಗಟ್ಟಿಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಕಡತ ಎನ್ನುತ್ತಿದ್ದರು. ಈಗ ಸರ್ಕಾರಿ ಕಚೇರಿಯ ಫೈಲಿಗೆ ಆ ಹೆಸರು. ಸತ್ತ ಶಬ್ದಕ್ಕೆ ಹೊಸ ಕೆಲಸ ಕೊಟ್ಟರೆ ಅದು ಎದ್ದು ಬರುತ್ತದೆ ಎನ್ನುವುದಕ್ಕೆ ಇವೆರಡಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಅರ್ಥ ತಿರುಗಿಕೊಂಡವುಗಳ ಸಾಲು ಉದ್ದವಿದೆ. ಸಂಸ್ಕೃತದ ವಿಷ್ಟಿ ನಮ್ಮಲ್ಲಿ ‘ಬಿಟ್ಟಿ’. ಕೂಲಿಯಿಲ್ಲದೆ ಒತ್ತಾಯದಿಂದ ಮಾಡಿಸಿಕೊಂಡ ದುಡಿಮೆ ಅದು. ಇವತ್ತು ಬಿಟ್ಟಿ ಎಂದರೆ ಪುಕ್ಕಟೆ. ದುಡಿದವನ ಕಡೆಯಿಂದ ನೋಡುತ್ತಿದ್ದ ಶಬ್ದ ಪಡೆದವನ ಕಡೆಗೆ ವಾಲಿತು. ‘ಮಾನ್ಯ’ ಎಂದರೆ ತೆರಿಗೆಯಿಲ್ಲದ ಭೂಮಿ. ಈಗ ಅರ್ಜಿಯ ಮೊದಲ ಸಾಲಿನ ಸಂಬೋಧನೆ. ಸಮಾಧಿಮರಣ ಹೊಂದಿದ ಜೈನರ ನಿಸಿದಿಗಲ್ಲುಗಳಲ್ಲಿ ‘ಮುಡಿಪಿದರ್’ ಎಂದು ಬರುತ್ತದೆ. ವ್ರತ ಹಿಡಿದು ಬದುಕು ಮುಗಿಸಿದರು ಎಂದು ಅರ್ಥ. ಮುಡಿ ಎಂಬುದು ಮುಗಿ ಎಂಬ ಅರ್ಥದಲ್ಲಿ ತಮಿಳಿನಲ್ಲಿ ಇಂದಿಗೂ ದಿನಬಳಕೆಯಲ್ಲಿದೆ. ನಮ್ಮಲ್ಲಿ ಮುಡಿಪು ಎಂದರೆ ದೇವರಿಗೆಂದು ಕಟ್ಟಿ ತೆಗೆದಿಟ್ಟದ್ದು.

ಹೀಗೆ ಮರೆಯುವುದು ಇತ್ತೀಚಿನ ರೋಗವೆಂದು ತಿಳಿಯಬೇಕಿಲ್ಲ. ರನ್ನನ ಹೆಸರಿನಲ್ಲಿ ‘ರನ್ನಕಂದ’ ಎಂಬ ಸಣ್ಣ ನಿಘಂಟಿನ ಕೆಲವು ಪದ್ಯಗಳು ಉಳಿದಿವೆ. ಅದರ ಕೆಲಸ ಹಳೆಯ ಕನ್ನಡ ಶಬ್ದಗಳಿಗೆ ಅರ್ಥ ಹೇಳುವುದು. ಅಂದರೆ ಸಾವಿರ ವರ್ಷಗಳ ಹಿಂದೆಯೇ ಕನ್ನಡದ ಓದುಗನಿಗೆ ಹಳೆಯ ಕನ್ನಡ ಕಷ್ಟವಾಗಿತ್ತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ೞಕಾರ ಎಲ್ಲಿ ಬರುತ್ತದೆಂದು ಶಬ್ದಗಳ ಪಟ್ಟಿ ಕೊಡಬೇಕಾಯಿತು. ಜನರ ಬಾಯಲ್ಲಿ ಆ ಉಚ್ಚಾರ ಅಳಿಸಿಹೋಗುತ್ತಿತ್ತು, ಪಂಡಿತ ಅದನ್ನು ಕಾಗುಣಿತದಲ್ಲಾದರೂ ಉಳಿಸಲು ಹೆಣಗುತ್ತಿದ್ದ. ನಾಗವರ್ಮನ ‘ವಸ್ತುಕೋಶ’, 1398ರ ಮಂಗರಾಜನ ನಿಘಂಟು ಮುಂತಾದವು ಬಹುಮಟ್ಟಿಗೆ ಸಂಸ್ಕೃತಕ್ಕೆ ಅರ್ಥ ಹೇಳುವವು. ತೆಲ್ಲಿಗನ ಸೊಲ್ಲಗೆಗೆ ಅರ್ಥ ಬರೆದಿಡಬೇಕೆಂದು ಯಾವ ಕೋಶಕಾರನಿಗೂ ಹೊಳೆಯಲಿಲ್ಲ, ಏಕೆಂದರೆ ಅದು ಎಲ್ಲರಿಗೂ ಗೊತ್ತಿತ್ತು.

ೞಕಾರದ ಹತ್ತಿರ ಸ್ವಲ್ಪ ನಿಲ್ಲಬೇಕು. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ೞಕಾರ ಳಕಾರದಲ್ಲಿ ಕರಗಿದಾಗ ಎರಡೂ ‘ಬಾಳು’ ಆದವು. ಕೊಲ್ಲುವ ಕತ್ತಿಗೂ ಬದುಕಿಗೂ ಒಂದೇ ಹೆಸರಿಟ್ಟುಕೊಂಡು ಮಾತಾಡುವುದು ಕಷ್ಟ. ಬದುಕು ಗೆದ್ದಿತು, ಕತ್ತಿ ಬಿಟ್ಟುಹೋಯಿತು. ಹಾಗೆಯೇ ಕಱೆ ಎಂದರೆ ಹಾಲು ಕರೆ, ಕರೆ ಎಂದರೆ ಕೂಗು. ಱ ಎಂಬ ಶಕಟರೇಫ ಅಳಿದ ಮೇಲೆ ಎರಡೂ ಒಂದಾದವು. ನಮ್ಮ ಕಡೆ ಆಕಳ ‘ಹಿಂಡತಾರ’. ಕರೆಯುವುದು ಮನುಷ್ಯರನ್ನು ಮಾತ್ರ. ಇಂಗ್ಲಿಷಿನಲ್ಲೂ ‘ಥಾರ್ನ್’ ಎಂಬ ಅಕ್ಷರ ಹೀಗೆ ಕಣ್ಮರೆಯಾಗಿದೆ. ಮುದ್ರಕರು ಅದರ ಜಾಗದಲ್ಲಿ ವೈ ಅಕ್ಷರವನ್ನು ಹಾಕಿದರು. ಅದರಿಂದಲೇ ಹಳೆಯ ಕಾಲದ ಅಂಗಡಿಯೆಂದು ತೋರಿಸಿಕೊಳ್ಳುವವರು ಇಂದಿಗೂ ಫಲಕದ ಮೇಲೆ ‘ದಿ’ ಎನ್ನುವ ಬದಲು ‘ಯೆ’ ಎಂದು ಬರೆಸುತ್ತಾರೆ. ಅಲ್ಲಿ ಅಕ್ಷರ ಹೋದರೂ ಉಚ್ಚಾರ ಉಳಿಯಿತು. ನಮ್ಮಲ್ಲಿ ಉಚ್ಚಾರವೇ ಹೋಯಿತು.

ಮೂಲ ಹುಡುಕುವವನಿಗೆ ಈ ಸತ್ತ ಅಕ್ಷರಗಳೇ ದಾರಿ ತೋರುವುದು. ‘ಜೋಳವಾಳಿ’ ಎಂಬ ಶಬ್ದವನ್ನು ತೆಗೆದುಕೊಳ್ಳಿ. ಉಂಡ ಜೋಳಕ್ಕೆ ತೀರಿಸಬೇಕಾದ ಋಣ, ಒಡೆಯನಿಗಾಗಿ ಪ್ರಾಣ ಕೊಡುವ ನಿಷ್ಠೆ. ಪಂಪ ಕರ್ಣನ ಸಂದರ್ಭದಲ್ಲಿ ತಂದ ‘ಜೋಳದ ಪಾೞಿ’ ಇದೇ. ಅನ್ನದ ಋಣ, ಉಪ್ಪಿನ ಋಣ ಎನ್ನುವುದಕ್ಕೆ ಮೊದಲು ಈ ನೆಲ ಜೋಳದ ಋಣ ಎಂದಿತ್ತು. ರೊಟ್ಟಿ ತಿನ್ನುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ರೇಷನ್ ಅಂಗಡಿಯ ಮುಂದೆ ನಾವು ಹಚ್ಚುವ ‘ಪಾಳಿ’ ಇದೇ ಪಾೞಿಯೇ ಎಂದು ಕೇಳಿದರೆ, ಅವಸರಪಡಬಾರದು. ಸಾಲು ಎಂಬ ಅರ್ಥದ ಪಾಳಿಯ ಹಿಂದೆ ಸಂಸ್ಕೃತದ ‘ಪಾಲಿ’ ಇದೆ. ಜೋಳದ ಪಾೞಿಯಲ್ಲಿ ೞಕಾರವಿದೆ. ಕಿವಿಗೆ ಒಂದೇ ಎನಿಸಿದರೂ ಮನೆತನ ಬೇರೆ.

ಜೋಳವಾಳಿಯಂತೆ ನಡೆದವನಿಗೋ, ಹಾಗೆ ನಡೆದು ಸತ್ತವನ ಹೆಸರಿನಲ್ಲೋ ಕೊಟ್ಟ ಭೂಮಿಗೂ ಹೆಸರುಗಳಿದ್ದವು. ‘ನೆತ್ತರು ಕೊಡಗೆ’ ಎಂದರೆ ರಕ್ತಕ್ಕೆ ಕೊಟ್ಟ ಭೂಮಿ. ‘ಬಾಳ್ಗೞ್ಚು’ ಎಂದರೆ ಕತ್ತಿ ತೊಳೆದು ಕೊಟ್ಟದ್ದು. ಕೞ್ಚು ಎಂದರೆ ತೊಳೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಆತಕೂರ ಶಾಸನದಲ್ಲಿ ಗಂಗ ಬೂತುಗ ತನ್ನ ವೀರ ಮಣಲೆರನಿಗೆ ಬಾಳ್ಗೞ್ಚು ಕೊಡುತ್ತಾನೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತ ಕಲ್ಲು ಅದು. ಹಳೆಯ ಇಂಗ್ಲಿಷಿನಲ್ಲಿ ‘ವೆರ್‌ಗಿಲ್ಡ್’ ಎಂಬುದಿತ್ತು, ಕೊಂದವನು ಸತ್ತವನ ಮನೆಯವರಿಗೆ ತೆರಬೇಕಾದ ಬೆಲೆ. ನಮ್ಮದು ಒಡೆಯ ತೀರಿಸುವ ಋಣ. ರಕ್ತದ ಲೆಕ್ಕವನ್ನು ಎರಡು ಸಮಾಜಗಳು ಹೇಗೆ ಬೇರೆಬೇರೆಯಾಗಿ ಬರೆದವು ಎಂಬುದು ಈ ಎರಡು ಸತ್ತ ಶಬ್ದಗಳನ್ನು ಪಕ್ಕಪಕ್ಕ ಇಟ್ಟರೆ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ಮಾರುತಿ ಗುಡಿಯ ಪಕ್ಕದಲ್ಲೋ ಕೆರೆಯ ದಂಡೆಯಲ್ಲೋ ವೀರಗಲ್ಲುಗಳು ನಿಂತಿರುತ್ತವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗವೋ ಜಿನನೋ. ಪಟ್ಟಿಕೆಗಳ ನಡುವಿನ ಬೆರಳಗಲದ ಅಂಚಿನಲ್ಲಿ ಅಕ್ಷರಗಳು. ಎಣ್ಣೆ, ಕುಂಕುಮ, ಕೆಲವು ಕಡೆ ಸುಣ್ಣ ಹಿಡಿದು ಅರ್ಧ ಮುಚ್ಚಿದ ಆ ಸಾಲುಗಳಲ್ಲಿ ಏಕೆ ಸತ್ತನೆಂದು ಬರೆದಿರುತ್ತದೆ: ‘ತುಱುಗೊಳ್’, ದನ ಹಿಡಿದುಕೊಂಡು ಹೋದಾಗ; ‘ಊರಳಿವು’, ಊರು ಹಾಳಾಗುವಾಗ; ‘ಪೆಣ್ಬುಯ್ಯಲ್’, ಹೆಂಗಸರ ಮೊರೆ ಕೇಳಿ ಓಡಿಹೋದಾಗ. ಪುಯ್ಯಲ್ ಎಂದರೆ ಮೊರೆ, ಕೂಗು. ಅದು ಹುಯ್ಯಲಾಗಿ ಇಂದಿನ ‘ಹುಯಿಲು’ ಆಯಿತು. ತುಱು ಎಂದರೆ ದನ. ಶರಣರಲ್ಲಿ ತುರುಗಾಹಿ ರಾಮಣ್ಣನ ಹೆಸರಿನಲ್ಲಿ ಉಳಿದುಕೊಂಡಿದೆ.

ಆಡಳಿತದ ಶಬ್ದಗಳನ್ನು ಒರಸಿದ್ದು ಆಡಳಿತವೇ. ಹದಿಮೂರನೆಯ ಶತಮಾನದಲ್ಲಿ ಯಾದವರು ರಟ್ಟರನ್ನು ಸೋಲಿಸಿದರು. 1473ರ ಹೊತ್ತಿಗೆ ಮಹಮೂದ್ ಗವಾನ್ ಬೆಳಗಾವಿಯ ಕೋಟೆಯನ್ನು ಬಹಮನಿ ರಾಜ್ಯಕ್ಕೆ ಸೇರಿಸಿದ. ಆಮೇಲೆ ಆದಿಲಶಾಹಿ, ಮುಂದೆ ಮರಾಠರು, 1818ರಲ್ಲಿ ಇಂಗ್ಲಿಷರು. ಒಕ್ಕಲಿಗ ರೈತನಾದ, ಓಲೆ ಕಾಗದವಾಯಿತು, ತೆಱೆ ವಸೂಲಿಯಾಯಿತು, ಮಣ್ಣು ಜಮೀನಾಯಿತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಇಂಗ್ಲಿಷಿನ ಆಸ್ಥಾನ, ಕೋರ್ಟುಗಳಿಗೆ ಫ್ರೆಂಚ್ ನುಗ್ಗಿದ್ದೂ ಹೀಗೆಯೇ. ಅಲ್ಲಿಯೂ ಒಂದಿಷ್ಟು ಹಳೆಯ ಹುದ್ದೆಗಳು ಆಕಾರ ಕುಗ್ಗಿಸಿಕೊಂಡು ಬದುಕಿದವು. ‘ಶೈರ್’ ಎಂಬ ನಾಡಿನ ‘ರೀವ್’ ಎಂಬ ಅಧಿಕಾರಿ ಸವೆದು ಷೆರಿಫ್ ಆದ.

ನಮ್ಮಲ್ಲಿ ಅವು ಅಡಗಿದ್ದು ಅಡ್ಡಹೆಸರುಗಳಲ್ಲಿ. ನಾಳ್ಗಾವುಂಡ ನಾಡಗೌಡನಾದ, ಪೆರ್ಗಡೆ ಹೆಗಡೆಯಾದ, ಸೇನಬೋವ ಶಾನಭಾಗನಾದ, ತಳಾರ ತಳವಾರನಾದ. ಪೇಟೆಯ ಹಿರಿಯ ವರ್ತಕನಾಗಿದ್ದ ಪಟ್ಟಣಸೆಟ್ಟಿ ಇವತ್ತಿನ ಪಟ್ಟಣಶೆಟ್ಟಿ. ಅಡಪ ಅಥವಾ ಹಡಪ ಎಂದರೆ ವೀಳ್ಯದ ಚೀಲ. ಬಸವಣ್ಣನವರ ಒಡನಾಡಿ ಅಪ್ಪಣ್ಣನ ಹೆಸರಿನ ಹಿಂದಿನ ಹಡಪ ಅದೇ. ಬೆಳಗಾವಿ ಜಿಲ್ಲೆಯ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೆ ಚಾಲುಕ್ಯರ ಕಾಲದ ಅಧಿಕಾರಿಗಳ ಪಟ್ಟಿ ಓದಿದಂತಾಗುತ್ತದೆ.

ಇವನ್ನೆಲ್ಲ ಕೂಡಿಸಿಟ್ಟವರ ಉಪಕಾರ ದೊಡ್ಡದು. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಕಂತು ಬಂದದ್ದು 1884ರಲ್ಲಿ; ಹತ್ತು ವರ್ಷಗಳಲ್ಲಿ, 1894ಕ್ಕೆ, ಫರ್ಡಿನಾಂಡ್ ಕಿಟೆಲ್ಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅಲ್ಲಿ ದೊಡ್ಡದೊಂದು ಸಂಘ, ನೂರಾರು ಜನ ಓದುಗರು ಉದಾಹರಣೆಗಳನ್ನು ಆಯ್ದು ಕಳಿಸುತ್ತಿದ್ದರು. ಇಲ್ಲಿ ಬಾಸೆಲ್ ಮಿಷನ್ನಿನ ಒಬ್ಬ ಪಾದ್ರಿ, ಕೆಲವು ಪಂಡಿತರ ನೆರವು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂದು ಶಾಸನದ ಪ್ರಯೋಗಗಳನ್ನೂ ಒಳಗೊಂಡಿತು. ಮುಂಬಯಿ ಕರ್ನಾಟಕದ ಶಾಸನಗಳಿಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಮಾಡಿದ ಕೆಲಸವಿದೆ, ಡಿ.ಎಲ್. ನರಸಿಂಹಾಚಾರ್ಯರ ‘ಶಬ್ದವಿಹಾರ’ದಂಥ, ಒಂದೊಂದು ಶಬ್ದದ ಬೆನ್ನು ಹತ್ತಿ ಹೋಗುವ ಪುಸ್ತಕಗಳಿವೆ.

ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ ಬರೆದು ಇನ್ನೊಂದು ದಾರಿ ತೆರೆದರು. ಮಹಾರಾಷ್ಟ್ರದ ಊರ ಹೆಸರುಗಳಲ್ಲಿ, ಮರಾಠಿಯ ಮನೆಮಾತಿನಲ್ಲಿ ಕನ್ನಡದ ಬೇರು ಹುಡುಕಿದರು. ಅವರ ಕೆಲವು ನಿರುಕ್ತಿಗಳು ಎಳೆದಾಡಿದಂತಿವೆ, ಊರ ಹೆಸರಿನ ಹಳೆಯ ರೂಪ ಕಲ್ಲಿನ ಮೇಲೆ ಸಿಗದೆ ಈಗಿನ ಉಚ್ಚಾರದಿಂದಲೇ ಅರ್ಥ ಕಟ್ಟುವುದನ್ನು ನಾನು ಒಪ್ಪಲಾರೆ. ಆದರೂ ಅವರು ಎತ್ತಿದ ಪ್ರಶ್ನೆ ಗಟ್ಟಿ. ಅನಗೋಳದ ಕಿರಾಣಿ ಅಂಗಡಿಯಲ್ಲಿ ನಿಂತರೆ ಅದು ಕಿವಿಗೇ ಕೇಳುತ್ತದೆ. ಒಬ್ಬಾಕೆ ಮರಾಠಿಯಲ್ಲಿ ‘ತೂಪ’ ಕೇಳುತ್ತಾಳೆ, ಅಂಗಡಿಯವನು ಕನ್ನಡದಲ್ಲಿ ‘ತುಪ್ಪ ಖಾಲಿ ಆಗೇತ್ರಿ, ನಾಳೆ ಬರತೈತಿ’ ಎನ್ನುತ್ತಾನೆ, ಆಕೆ ತಲೆಯಾಡಿಸಿ ಹೋಗುತ್ತಾಳೆ. ತುಪ್ಪ ತೂಪವಾಗಿ, ಅಡಕೊತ್ತು ಅಡಕಿತ್ತಾ ಆಗಿ ಆ ಕಡೆಗೆ ದಾಟಿವೆ. ಕನ್ನಡದವರು ಮರೆತ ಮಧ್ಯಯುಗದ ಮಾತು ಖಾನಾಪುರದ ಮರಾಠಿ ಮನೆಗಳಲ್ಲಿ ಉಳಿದಿರಬಾರದೇಕೆ? ಎರಡೂ ಭಾಷೆ ಬಲ್ಲವರು, ಗಡಿಜಗಳದ ಹಂಗಿಲ್ಲದೆ, ಅದನ್ನು ಕೂತು ಕೇಳಬೇಕಾಗಿದೆ.

ಹೊಲದಲ್ಲಿಯೂ ಕೇಳಬೇಕು. ಶಾಸನಗಳಲ್ಲಿ ಭೂಮಿ ಅಳೆಯುವ ಕೋಲಿಗೆ ‘ಗಳೆ’ ಎನ್ನುತ್ತಾರೆ. ಬಳ್ಳಿಗಾವೆಯ ಭೇರುಂಡ ಗಳೆ ಹೆಸರುವಾಸಿ. ಮತ್ತರಿನ ಗಾತ್ರ ಆಯಾ ಸೀಮೆಯ ಗಳೆಯ ಉದ್ದದ ಮೇಲೆ ಹೆಚ್ಚುಕಡಿಮೆಯಾಗುತ್ತಿತ್ತು. ನಮ್ಮ ರೈತ ‘ಗಳೇ ಹೊಡಿಯಾಕ ಹೊಂಟೇನ್ರಿ’ ಎಂದರೆ ಉಳುಮೆಗೆ ಹೊರಟ ಎಂದು ಅರ್ಥ. ಎರಡರ ಹಿಂದೆಯೂ ಉದ್ದನೆಯ ಬಿದಿರ ಕೋಲೇ ಇದೆಯೆಂದು ನನಗೆ ತೋರುತ್ತದೆ. ಕಪ್ಪು ಮಣ್ಣಿನ ದಾನದ ಭೂಮಿಯನ್ನು ‘ಎಱೆ’ ಎಂದು ಗುರುತಿಸಿದಂತೆಯೇ ಬೈಲಹೊಂಗಲ, ಸವದತ್ತಿಯ ಕಡೆ ಇವತ್ತಿಗೂ ಎರಿ ಹೊಲ ಬೇರೆ, ಮಸಾರಿ ಹೊಲ ಬೇರೆ. ಶಾಸನದ ಎಲ್ಲೆ ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಬರುತ್ತದೆ. ನೇಸರು ಮೂಡುವ ಕಡೆ ಮೂಡು, ಇಳಿಯುವ ಕಡೆ ಪಡು. ಇಂದಿನ ಖರೀದಿ ಪತ್ರದ ಚತುಸ್ಸೀಮೆಯಲ್ಲಿ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ಕರಾವಳಿಯಲ್ಲಿ ಮಾತ್ರ ತೆಂಕು, ಬಡಗು ಎಂಬ ಮಾತುಗಳು ಯಕ್ಷಗಾನದ ತಿಟ್ಟುಗಳಿಗೆ ಹೆಸರಾಗಿ ದಿನವೂ ಓಡಾಡುತ್ತವೆ.